ಪಿರಮಿಡ್ ಪ್ರಬಂಧ ಬರೆಸುವಾಗ ಪುರಾವೆಯನ್ನೂ ಕೊಡಿ

ಮಾನ್ಯ ಸಂಪಾದಕರೇ,

ಈಜಿಪ್ಟಿನ ಪಿರಮಿಡ್ಡುಗಳ ಕುರಿತು ಹಿರಿಯ ಪ್ರಾಥಮಿಕ ತರಗತಿಗಳ ಮಕ್ಕಳಿಂದ ಪ್ರಬಂಧ ಬರೆಸುವುದು ನಮ್ಮ ಶಾಲೆಗಳಲ್ಲಿ ಹೊಸದೇನಲ್ಲ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂಬ ತಲೆಬರಹಗಳ ಕೆಳಗೆ, ‘ಪ್ರಪಂಚದ ಏಳು ಅದ್ಭುತಗಳಲ್ಲಿ ಒಂದಾದ’ ಎಂದು ಶುರುವಾಗಿ ‘ಇವುಗಳನ್ನು ಸಂರಕ್ಷಿಸುವುದು ನಮ್ಮೆಲ್ಲರ ಕರ್ತವ್ಯ’ ಎಂದು ಮುಗಿಯುವ ಈ ಬರಹಗಳನ್ನು ಸಮಾಜ ವಿಜ್ಞಾನ ಶಿಕ್ಷಕಿಯಾಗಿ ತಿದ್ದುತ್ತ ಬಂದಿರುವ ನನಗೆ, ಇಡೀ ತರಗತಿಯ ಪುಸ್ತಕಗಳನ್ನು ಒಬ್ಬರೇ ಬರೆದಂತೆ ತೋರುತ್ತದೆ. ತಪ್ಪು ಮಕ್ಕಳದಲ್ಲ. ಎತ್ತರ, ಅಗಲ, ಕಟ್ಟಿಸಿದ ದೊರೆಯ ಹೆಸರು ಇಷ್ಟನ್ನೇ ಕೊಟ್ಟು ಎರಡು ಪುಟ ಬರೆಯಿರೆಂದರೆ ಉಳಿದ ಜಾಗವನ್ನು ಅವರು ‘ಭವ್ಯ’, ‘ಅದ್ಭುತ’, ‘ರೋಮಾಂಚಕ’ಗಳಿಂದಲೇ ತುಂಬಿಸಬೇಕಾಗುತ್ತದೆ. ಆದ್ದರಿಂದ ಪಿರಮಿಡ್ಡುಗಳ ವಿಚಾರ ನಮಗೆ ತಿಳಿದುಬಂದದ್ದು ಹೇಗೆ ಎಂಬುದನ್ನೇ ಮಕ್ಕಳಿಂದ ಬರೆಸಬೇಕೆಂದು ಸಹೋದ್ಯೋಗಿಗಳಲ್ಲಿ ಕೇಳಿಕೊಳ್ಳುತ್ತೇನೆ.

ಇದಕ್ಕೆ ಸಾಮಗ್ರಿಯ ಕೊರತೆಯಿಲ್ಲ. 2013ರಲ್ಲಿ ಫ್ರಾನ್ಸಿನ ಪುರಾತತ್ವಜ್ಞ ಪಿಯರ್ ತಾಲೆ ಅವರ ತಂಡಕ್ಕೆ ಕೆಂಪು ಸಮುದ್ರದ ದಂಡೆಯಲ್ಲಿರುವ ವಾದಿ ಅಲ್-ಜರ್ಫ್ ಎಂಬಲ್ಲಿ ಪಪೈರಸ್ (ಜೊಂಡಿನಿಂದ ಮಾಡಿದ ಬರೆಯುವ ಹಾಳೆ) ತುಣುಕುಗಳು ಸಿಕ್ಕವು. ಗಿಜಾದ ಮಹಾ ಪಿರಮಿಡ್ಡನ್ನು ಕಟ್ಟಿಸಿದ ಖುಫುವಿನ ಆಳ್ವಿಕೆಯ ಕೊನೆಗಾಲಕ್ಕೆ, ಅಂದರೆ ಸುಮಾರು 4,500 ವರ್ಷಗಳ ಹಿಂದಕ್ಕೆ ಸೇರಿದ ಆ ಹಾಳೆಗಳಲ್ಲಿ ಮೆರೆರ್ ಎಂಬ ಮೇಲ್ವಿಚಾರಕನ ದಿನಚರಿಯೂ ಇದೆ. ಸುಮಾರು 40 ಆಳುಗಳ ಅವನ ತಂಡ ನೈಲ್ ನದಿಯ ಪೂರ್ವ ದಂಡೆಯ ತುರಾ ಗಣಿಗಳಿಂದ ಬಿಳಿ ಸುಣ್ಣಕಲ್ಲನ್ನು ದೋಣಿಗೆ ಹೇರಿಕೊಂಡು ಗಿಜಾಕ್ಕೆ ಸಾಗಿಸುತ್ತಿತ್ತು. ಯಾವ ದಿನ ಕಲ್ಲು ಹೇರಿದರು, ಯಾವಾಗ ಹೊರಟರು, ರಾತ್ರಿ ಎಲ್ಲಿ ತಂಗಿದರು ಎಂಬ ಲೆಕ್ಕವಷ್ಟೇ ಅದರಲ್ಲಿರುವುದು. ನಮ್ಮ ಹಾಜರಿ ಪುಸ್ತಕದಷ್ಟೇ ನೀರಸ. ಆದರೂ ಮೆರೆರ್‌ನ ತಂಡದಲ್ಲಿ ನೀವಿದ್ದೀರಿ, ಒಂದು ದಿನದ ದಿನಚರಿ ಬರೆಯಿರಿ ಎಂದು ಏಳನೇ ತರಗತಿಯವರಿಗೆ ಹೇಳಿದಾಗ ಒಬ್ಬ ಹುಡುಗಿ ಎರಡು ಸಾಲು ಬರೆದು ಪೆನ್ನು ಕೆಳಗಿಟ್ಟು, “ಮಿಸ್, ಇವರಿಗೆಲ್ಲ ಊಟ ಯಾರು ಹಾಕ್ತಿದ್ರು?” ಎಂದು ಕೇಳಿದಳು. ‘ರೋಮಾಂಚಕ’ ಎಂದು ಬರೆದ ಯಾವ ಮಗುವೂ ನನ್ನಲ್ಲಿ ಇಂಥ ಪ್ರಶ್ನೆ ಕೇಳಿದ್ದಿಲ್ಲ.

ಅದಕ್ಕೂ ಮಣ್ಣಿನಡಿಯಲ್ಲಿ ಉತ್ತರ ಸಿಕ್ಕಿದೆ. ಗಿಜಾದ ಪಿರಮಿಡ್ಡುಗಳ ದಕ್ಷಿಣಕ್ಕೆ ಅಮೆರಿಕದ ಪುರಾತತ್ವಜ್ಞ ಮಾರ್ಕ್ ಲೆಹ್ನರ್ ಅವರು ಅಗೆಸಿದ ಕೆಲಸಗಾರರ ವಸತಿಯಲ್ಲಿ ರೊಟ್ಟಿ ಸುಡುವ ಮನೆಗಳು, ದಪ್ಪನೆಯ ಮಣ್ಣಿನ ರೊಟ್ಟಿ ಅಚ್ಚುಗಳು, ದನ, ಕುರಿ, ಮೇಕೆಗಳ ಮೂಳೆಗಳ ರಾಶಿ ದೊರೆತಿವೆ. 1990ರಿಂದೀಚೆಗೆ ಈಜಿಪ್ಟಿನ ಪುರಾತತ್ವಜ್ಞ ಜಾಹಿ ಹವಾಸ್ ಅವರ ನೇತೃತ್ವದಲ್ಲಿ ತೆರೆದ ಕೆಲಸಗಾರರ ಗೋರಿಗಳಲ್ಲಿ, ಮುರಿದು ಮತ್ತೆ ಸರಿಯಾಗಿ ಕೂಡಿಕೊಂಡ ಕೈಕಾಲುಗಳ ಮೂಳೆಗಳಿವೆ. ಚಾಟಿಯೇಟು ತಿನ್ನುವ ಗುಲಾಮರ ಚಿತ್ರವನ್ನು ಸಿನಿಮಾಗಳಿಂದ ಕಲಿತ ಮಗು, ಗುಲಾಮನಿಗೆ ಅರಸನ ಪಿರಮಿಡ್ಡಿನ ಪಕ್ಕದಲ್ಲೇ ಗೋರಿ ಏಕೆ ಎಂದು ಆಗ ತಾನಾಗಿ ಯೋಚಿಸುತ್ತದೆ. ಹಾಗೆಂದು ಅವರೆಲ್ಲ ಮನಸಾರೆ ದುಡಿಯಲು ಬಂದವರೆಂದು ಹೇಳಿಕೊಡುವುದೂ ಸರಿಯಲ್ಲ. ಬಿಟ್ಟಿ ದುಡಿಮೆಗೆ ಊರೂರುಗಳಿಂದ ಸರದಿಯ ಮೇಲೆ ಕರೆತಂದವರು ಅವರಲ್ಲಿ ಬಹಳ ಮಂದಿ ಇದ್ದಿರಬೇಕೆಂಬುದು ವಿದ್ವಾಂಸರ ಅಭಿಪ್ರಾಯ. ಲಕ್ಷ ಜನ 20 ವರ್ಷ ದುಡಿದರೆಂಬ ಪ್ರಾಚೀನ ಗ್ರೀಕ್ ಇತಿಹಾಸಕಾರ ಹೆರೊಡೋಟಸನ ಮಾತನ್ನು ಪರೀಕ್ಷಾ ಗೈಡುಗಳು ಈಗಲೂ ಉರು ಹೊಡೆಸುತ್ತಿವೆ. ಅವನು ಅದನ್ನು ಬರೆದದ್ದು ಪಿರಮಿಡ್ಡು ಎದ್ದು ಸುಮಾರು 2,000 ವರ್ಷಗಳಾದ ಮೇಲೆ ಎಂಬುದನ್ನೂ ಜೊತೆಗೇ ಹೇಳಿಬಿಟ್ಟರೆ ಸಾಕು.

ಅಂಕಿಗಳನ್ನು ಬಾಯಿಪಾಠ ಮಾಡಿಸುವ ಬದಲು ಗಣಿತದ ಶಿಕ್ಷಕರ ನೆರವು ಪಡೆಯಬಹುದು. ಪಾದದ ಒಂದೊಂದು ಬದಿಯೂ ಸುಮಾರು 230 ಮೀಟರ್ ಇರುವ ಮಹಾ ಪಿರಮಿಡ್ಡು 13 ಎಕರೆಯಷ್ಟು ನೆಲದ ಮೇಲೆ ನಿಂತಿದೆ ಎಂದರೆ ಹಳ್ಳಿಯ ಮಕ್ಕಳಿಗೆ ಅದರ ಗಾತ್ರ ಕೂಡಲೇ ಅರ್ಥವಾಗುತ್ತದೆ. ಅಂದಾಜು 23 ಲಕ್ಷ ಕಲ್ಲುಗಳನ್ನು 20 ವರ್ಷಗಳಲ್ಲಿ, ದಿನಕ್ಕೆ ಹತ್ತು ಗಂಟೆ ದುಡಿದು ಕೂರಿಸಬೇಕಾದರೆ ಎರಡು ನಿಮಿಷಕ್ಕೊಂದು ಕಲ್ಲು ಸ್ಥಾನಕ್ಕೆ ಬರಬೇಕೆಂದು ಅವರೇ ಭಾಗಾಕಾರ ಮಾಡಿ ಕಂಡುಕೊಂಡರೆ, ಪಿರಮಿಡ್ಡುಗಳನ್ನು ಅನ್ಯಗ್ರಹ ಜೀವಿಗಳು ಕಟ್ಟಿದರೆಂಬ ಯೂಟ್ಯೂಬ್ ಕಥೆಗಳ ಬಗ್ಗೆಯೂ ತರಗತಿಯಲ್ಲಿ ಗದರದೆ ಮಾತಾಡಬಹುದು. ಆ ಕಥೆಗಳಿಗೆ ಈಜಿಪ್ಟಿನದೇ ದಹಶೂರ್ ಎಂಬಲ್ಲಿನ ಬಾಗಿದ ಪಿರಮಿಡ್ಡಿಗಿಂತ ಒಳ್ಳೆಯ ಉತ್ತರ ನನಗೆ ಕಂಡಿಲ್ಲ. ಖುಫುವಿನ ತಂದೆ ಸ್ನೆಫೆರು ಕಟ್ಟಿಸಿದ ಅದರ ಇಳಿಜಾರು ಕೆಳಗೆ ಸುಮಾರು 54 ಡಿಗ್ರಿ ಇದ್ದು, ಅರ್ಧದಿಂದ ಮೇಲಕ್ಕೆ ಸುಮಾರು 43 ಡಿಗ್ರಿಗೆ ಇಳಿಯುತ್ತದೆ. ಕಟ್ಟುತ್ತಿರುವಾಗಲೇ ಬಿರುಕು ಬಿಟ್ಟದ್ದು ಇದಕ್ಕೆ ಕಾರಣವಿರಬೇಕೆನ್ನುತ್ತಾರೆ. ಅದೇ ದೊರೆಯ ಮುಂದಿನ ಕೆಂಪು ಪಿರಮಿಡ್ಡು ಬುಡದಿಂದಲೇ ಸುಮಾರು 43 ಡಿಗ್ರಿಯಲ್ಲಿ ಎದ್ದಿದೆ. ಎರಡರ ಚಿತ್ರಗಳನ್ನೂ ಅಕ್ಕಪಕ್ಕದಲ್ಲಿಟ್ಟು, ಇಲ್ಲಿ ಏನು ನಡೆದಿರಬಹುದು ಎಂದು ಒಂದು ಪುಟ ಬರೆಸಿ ನೋಡಬೇಕು.

ತಮ್ಮಲ್ಲಿ ನನ್ನ ಕೋರಿಕೆ ಇಷ್ಟೇ: ಮೆರೆರ್‌ನ ದಿನಚರಿಯ ಕೆಲವು ಸಾಲುಗಳನ್ನು ಚಿತ್ರಸಹಿತ ಕನ್ನಡದಲ್ಲಿ ತಮ್ಮ ವಿದ್ಯಾರ್ಥಿ ಪುಟದಲ್ಲಿ ಪ್ರಕಟಿಸಿದರೆ ಇಂಟರ್‌ನೆಟ್ ಸಿಗದ ಶಾಲೆಗಳವರು ಅದನ್ನು ಕತ್ತರಿಸಿ ಗೋಡೆಗೆ ಅಂಟಿಸಿಕೊಳ್ಳಬಹುದು. ಪ್ರಬಂಧ ಸ್ಪರ್ಧೆಗಳ ತೀರ್ಪುಗಾರರು ಉಪಸಂಹಾರಕ್ಕೆ ಮೀಸಲಿಡುವ ಅಂಕಗಳಲ್ಲಿ ಒಂದೆರಡನ್ನು ‘ಇದು ನಮಗೆ ಹೇಗೆ ಗೊತ್ತು’ ಎಂದು ಬರೆದ ಮಗುವಿಗೆ ಕೊಡುವಂತಾಗಲಿ.

ಇಂತಿ,
ಹಿರಿಯ ಪ್ರಾಥಮಿಕ ಶಾಲೆಯೊಂದರ ಸಮಾಜ ವಿಜ್ಞಾನ ಶಿಕ್ಷಕಿ