ಶನಿವಾರದ ಹರಾಜಿನ ಬಗ್ಗೆ

ಎಲ್ಲರಿಗೂ ನಮಸ್ಕಾರ. ನಮ್ಮ ಕುದುರೆ ರೇಸ್ ಗೇಮಿನ ಹರಾಜಿನಲ್ಲಿ ಕಡಿಮೆ ಕಾಯಿನ್‌ಗೆ ಒಳ್ಳೆ ಕುದುರೆ ಹುಡುಕೋದು ಹೇಗೆ ಅಂತ ಹೊಸಬರು ಕೇಳ್ತಾ ಇದ್ದೀರಿ, ಒಟ್ಟಿಗೇ ಬರೀತಿದ್ದೀನಿ.

ದೊಡ್ಡ ಬೆಲೆ ನೋಡಿ ಮರುಳಾಗಬೇಡಿ. ನಿಜವಾದ ರೇಸಿನಲ್ಲೂ ಹಾಗೇ. 1977ರಲ್ಲಿ ಅಮೆರಿಕದ ಟ್ರಿಪಲ್ ಕ್ರೌನ್ (ಒಂದೇ ವರ್ಷದ ಮೂರು ದೊಡ್ಡ ರೇಸು) ಗೆದ್ದ ಸಿಯಾಟಲ್ ಸ್ಲೂ ಅನ್ನೋ ಕುದುರೆ ಹರಾಜಿನಲ್ಲಿ ಹೋಗಿದ್ದು ಬರೀ 17,500 ಡಾಲರಿಗೆ. ಜಾನ್ ಹೆನ್ರಿ ಅನ್ನೋ ಇನ್ನೊಂದು ಕುದುರೆ ಮರಿಯಾಗಿದ್ದಾಗ ಮಾರಾಟವಾಗಿದ್ದು 1,100 ಡಾಲರಿಗೆ. ಆಮೇಲೆ ಅದು ರೇಸುಗಳಲ್ಲಿ ಗಳಿಸಿದ್ದು 65 ಲಕ್ಷ ಡಾಲರಿಗೂ ಹೆಚ್ಚು. 2006ರಲ್ಲಿ 1.6 ಕೋಟಿ ಡಾಲರ್ ಸುರಿದು ಕೊಂಡ ದಿ ಗ್ರೀನ್ ಮಂಕಿ? ಓಡಿದ್ದು ಮೂರು ರೇಸು, ಗೆದ್ದಿದ್ದು ಸೊನ್ನೆ.

ಹಾಗಂತ ಅಗ್ಗ ಅಂತ ಮುಗ್ಗಿದ ಜೋಳ ತುಂಬಿಕೋಬೇಡಿ. ಲಾಯದ ಖರ್ಚು ಪ್ರತಿ ಕುದುರೆಗೂ ಒಂದೇ.

ನಾನು ಮೊದಲು ನೋಡೋದು ಸೋತ ರೇಸುಗಳನ್ನ. 1200 ಮೀಟರಿನಲ್ಲಿ ಸೋತರೂ ಕೊನೆಯಲ್ಲಿ ನಾಲ್ಕೈದು ಕುದುರೆ ದಾಟಿ ಬಂದಿದ್ದರೆ, ಅದನ್ನ ತಪ್ಪು ದೂರಕ್ಕೆ ಓಡಿಸಿರಬಹುದು. 2000 ಮೀಟರಿಗೆ ಹಾಕಿ ನೋಡಿ. ಹುಲ್ಲಿನ ಟ್ರ್ಯಾಕಿನ ಕುದುರೆಯನ್ನ ಮಣ್ಣಿನಲ್ಲಿ ಓಡಿಸಿ ಬೇಸತ್ತು ಮಾರೋರೂ ಇದ್ದಾರೆ, ಅವರಿಗೆ ನನ್ನ ಥ್ಯಾಂಕ್ಸ್. ಒಳ್ಳೆ ವಂಶದ ಹೆಣ್ಣು ಕುದುರೆ ರೇಸಿನಲ್ಲಿ ಸುಮಾರಾಗಿದ್ದರೂ ಮರಿಗೋಸ್ಕರ ತಗೋಬಹುದು.

ಮಿತಿ ಮೊದಲೇ ಬರೆದಿಟ್ಟುಕೊಳ್ಳಿ, ಕೊನೇ ನಿಮಿಷದ ಜಿದ್ದಿನಲ್ಲಿ ಏರಿಸಬೇಡಿ. ಗುಂಪಿನವರೇ ಒಂದೇ ಕುದುರೆಗೆ ಒಬ್ಬರ ಮೇಲೊಬ್ಬರು ಬೆಲೆ ಕೂಗೋದು ಬೇಡ: ನಿಮ್ಮ ಕಣ್ಣಿರೋ ಕುದುರೆಯ ಹೆಸರನ್ನ ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಹಾಕಿ. ನಿಜ ದುಡ್ಡಿನ ವ್ಯವಹಾರ, ಬೆಟ್ಟಿಂಗ್ ಮಾತು ಇಲ್ಲಿ ಬೇಡವೇ ಬೇಡ.