ಸಿಪ್ಯಾಪ್ ಯಂತ್ರದ ನೀರಿನ ಡಬ್ಬಿ: ಒಂದು ಸಾಲು ಸಾಲದು

ಸಂಪಾದಕರೇ,

ಗೊರಕೆ ಮತ್ತು ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಉಸಿರು ಆಗಾಗ ನಿಲ್ಲುವ ತೊಂದರೆ) ಕುರಿತು ನಿಮ್ಮ ಆರೋಗ್ಯ ಪುರವಣಿಯಲ್ಲಿ ಬಂದ ಲೇಖನ ಚೆನ್ನಾಗಿತ್ತು. ಇದಕ್ಕೆ ಬಳಸುವ, ಒತ್ತಡದಲ್ಲಿ ಗಾಳಿ ಊದುವ ಸಿಪ್ಯಾಪ್ ಯಂತ್ರ, ಅದರ ಮಾಸ್ಕ್, ಗಾಳಿಯ ಒತ್ತಡ ಎಲ್ಲವನ್ನೂ ಬಿಡಿಸಿ ಹೇಳಿದ ಲೇಖಕರು ಹ್ಯುಮಿಡಿಫೈಯರ್, ಅಂದರೆ ಆ ಗಾಳಿಗೆ ತೇವ ಸೇರಿಸುವ ನೀರಿನ ಡಬ್ಬಿಯ ವಿಷಯಕ್ಕೆ ಬಂದಾಗ ಮಾತ್ರ 'ಶುದ್ಧ ನೀರು ತುಂಬಿಸಿಕೊಳ್ಳಿ' ಎಂದು ಮುಂದೆ ಹೋಗಿಬಿಟ್ಟಿದ್ದಾರೆ. ಆದರೆ ಸಿಪ್ಯಾಪ್ ಕೊಂಡು ಒಂದೆರಡು ತಿಂಗಳಲ್ಲೇ ಅದನ್ನು ಬೀರುವಿನ ಮೇಲೆ ಹತ್ತಿಸುವವರ ದೂರುಗಳನ್ನು ಕೇಳಿ ನೋಡಿ: ಮೂಗು ಒಣಗುತ್ತದೆ, ಗಂಟಲು ಉರಿಯುತ್ತದೆ, ನಡುರಾತ್ರಿ ಮುಖದ ಮೇಲೆ ನೀರು ಸುರಿಯುತ್ತದೆ. ಮಾಸ್ಕ್ ಸರಿಯಾಗಿ ಕೂತಿದ್ದರೆ ಇವಕ್ಕೆಲ್ಲ ಪರಿಹಾರ ಆ ನೀರಿನ ಡಬ್ಬಿಯಲ್ಲೂ ಅದರ ಸೆಟ್ಟಿಂಗ್‌ನಲ್ಲೂ ಇದೆ.

ಮಾಸ್ಕ್ ಸರಿಯಾಗಿ ಕೂತಿದ್ದರೆ ಎಂದದ್ದಕ್ಕೆ ಕಾರಣವಿದೆ. ಮೂಗಿನ ಮಾಸ್ಕ್ ಹಾಕಿಕೊಂಡವರು ನಿದ್ದೆಯಲ್ಲಿ ಬಾಯಿ ತೆರೆದರೆ ಗಾಳಿ ಮೂಗಿನಿಂದ ನುಗ್ಗಿ ಬಾಯಿಂದ ಹೊರಗೆ ಹೋಗುತ್ತದೆ. ಉಸಿರು ಬಿಡುವಾಗ ಮೂಗಿನ ಒಳಪದರಕ್ಕೆ ವಾಪಸು ಸಿಗಬೇಕಾದ ತೇವ ಸಿಗುವುದೇ ಇಲ್ಲ. ಒಳಪದರ ಊದಿ ಮೂಗು ಕಟ್ಟುತ್ತದೆ, ಕಟ್ಟಿದಷ್ಟೂ ಬಾಯಿ ತೆರೆಯುತ್ತದೆ. ಬೆಳಿಗ್ಗೆ ಸಾಲು ಸಾಲು ಸೀನು, ಸುರಿಯುವ ಮೂಗು. ನೆಗಡಿಯೆಂದು ಮಾತ್ರೆ ನುಂಗುವವರೇ ಹೆಚ್ಚು. ಯಂತ್ರದ ಪರದೆಯಲ್ಲಿ ಅಥವಾ ಆ್ಯಪ್‌ನಲ್ಲಿ ಸೋರಿಕೆಯ ಅಂಕಿ ಇರುತ್ತದೆ, ಮೊದಲು ಅದನ್ನು ನೋಡಬೇಕು. ಸೋರಿಕೆ ಹೆಚ್ಚಿದ್ದರೆ ಗಲ್ಲದ ಪಟ್ಟಿ ಅಥವಾ ಬಾಯಿ-ಮೂಗು ಎರಡನ್ನೂ ಮುಚ್ಚುವ ಮಾಸ್ಕ್ ಬೇಕು. ಅದನ್ನು ಬಿಟ್ಟು ತೇವಾಂಶ ಏರಿಸುತ್ತ ಹೋದರೆ ನೀರು ಖರ್ಚಾಗುತ್ತದೆಯೇ ಹೊರತು ಮೂಗಿಗೆ ಸುಖವಿಲ್ಲ.

ಇನ್ನು ತೇವಾಂಶದ ಸೆಟ್ಟಿಂಗ್. ಕೆಲವು ಯಂತ್ರಗಳಲ್ಲಿ 0ಯಿಂದ 5, ಕೆಲವುಗಳಲ್ಲಿ 1ರಿಂದ 8. ಮಾರಿದವರು ಮಧ್ಯದ ಯಾವುದೋ ಅಂಕಿಗೆ ಇಟ್ಟು ಹೋಗುತ್ತಾರೆ, ಅದು ವರ್ಷಗಟ್ಟಲೆ ಅಲ್ಲೇ ಇರುತ್ತದೆ. ಏಪ್ರಿಲ್‌ನ ರಾಯಚೂರಿಗೂ ಜುಲೈನ ಮಂಗಳೂರಿಗೂ ಒಂದೇ ಅಂಕಿ ಹೇಗೆ ಹೊಂದೀತು? ಮಂಗಳೂರಿನಲ್ಲೂ ಎ.ಸಿ. ಹಾಕಿ ಮಲಗಿದರೆ ಕೋಣೆಯ ಗಾಳಿ ಒಣಗುತ್ತದೆ, ಲೆಕ್ಕ ಬದಲಾಗುತ್ತದೆ. ಒಣಗಿದಂತೆನಿಸಿದರೆ ಒಂದು ಹಂತ ಏರಿಸಿ, ಎರಡು ಮೂರು ರಾತ್ರಿ ನೋಡಿ, ಆಮೇಲೆ ಇನ್ನೊಂದು. ವೈದ್ಯರು ಗೊತ್ತುಪಡಿಸಿದ ಒತ್ತಡವನ್ನು ನಾವು ಮುಟ್ಟಬಾರದು, ತೇವಾಂಶವನ್ನು ಧಾರಾಳವಾಗಿ ಮುಟ್ಟಬಹುದು.

ಮುಖಕ್ಕೆ ನೀರು ಬೀಳುವುದು ಯಂತ್ರದ ದೋಷವಲ್ಲ, ಭೌತಶಾಸ್ತ್ರ. 30 ಡಿಗ್ರಿ ಸೆಲ್ಸಿಯಸ್‌ನ ಒಂದು ಘನ ಮೀಟರ್ ಗಾಳಿ ಸುಮಾರು 30 ಗ್ರಾಂ ನೀರಾವಿ ಹಿಡಿದುಕೊಳ್ಳಬಲ್ಲದು, 20 ಡಿಗ್ರಿಗೆ ಇಳಿದರೆ 17 ಗ್ರಾಂ ಅಷ್ಟೇ. ಡಬ್ಬಿಯಲ್ಲಿ ಬಿಸಿಯಾಗಿ ತೇವ ತುಂಬಿಕೊಂಡ ಗಾಳಿ ಡಿಸೆಂಬರಿನ ಮಡಿಕೇರಿಯಲ್ಲೋ ಬೆಂಗಳೂರಿನಲ್ಲೋ ಸುಮಾರು ಎರಡು ಮೀಟರ್ ಉದ್ದದ ತಣ್ಣನೆಯ ಪೈಪಿನಲ್ಲಿ ಸಾಗಿ ಬರುವಾಗ ಉಳಿದ 13 ಗ್ರಾಂ ಎಲ್ಲಿಗೆ ಹೋಗಬೇಕು? ಪೈಪಿನ ಒಳಗೋಡೆಯಲ್ಲೇ ಹನಿಗಟ್ಟುತ್ತದೆ. ಯಂತ್ರದಿಂದ ರಾತ್ರಿಯಿಡೀ ನಿಮಿಷಕ್ಕೆ 30 ಲೀಟರಿಗೂ ಮಿಕ್ಕಿ ಗಾಳಿ ಹರಿಯುತ್ತಿರುತ್ತದೆ ಎಂಬುದನ್ನು ನೆನೆದರೆ ಗುಳುಗುಳು ಸದ್ದು ಎಲ್ಲಿಂದ ಬಂತೆಂದು ತಿಳಿಯುತ್ತದೆ. ಹೀಗಾದಾಗ ತೇವಾಂಶ ಒಂದು ಹಂತ ಇಳಿಸಿ, ಪೈಪಿಗೆ ಬಟ್ಟೆಯ ಕವಚ ಹಾಕಿ ಇಲ್ಲವೇ ಹೊದಿಕೆಯೊಳಗೆ ತೆಗೆದುಕೊಳ್ಳಿ, ಫ್ಯಾನ್ ಗಾಳಿ ಪೈಪಿಗೆ ನೇರ ಬಡಿಯದಂತೆ ನೋಡಿಕೊಳ್ಳಿ. ಒಳಗೆ ತಂತಿ ಸುತ್ತಿದ ಬಿಸಿ ಪೈಪ್ ಬೆಲೆಯಲ್ಲಿ ದುಬಾರಿ, ಆದರೆ ಚಳಿ ಊರಿನವರಿಗೆ ಕೊಟ್ಟ ಹಣ ದಂಡವಲ್ಲ. 27 ಡಿಗ್ರಿಯ ಆಸುಪಾಸಿಗೆ ಇಟ್ಟರೆ ತೊಂದರೆ ಬಹುಮಟ್ಟಿಗೆ ನಿಲ್ಲುತ್ತದೆ.

ಯಂತ್ರ ಯಾವಾಗಲೂ ತಲೆಗಿಂತ ಕೆಳಗಿರಬೇಕು. ಆಗ ಹನಿ ನೀರು ಮುಖಕ್ಕೆ ಬರದೆ ಡಬ್ಬಿಗೆ ಹಿಂತಿರುಗುತ್ತದೆ. ಮಂಚದವರಿಗೆ ಗಿಡ್ಡ ಸ್ಟೂಲ್ ಸಾಕು. ನೆಲದ ಮೇಲೆ ಹಾಸಿಗೆ ಹಾಕುವವರು ಹಲಗೆಯ ಮೇಲೆ ಯಂತ್ರವಿಟ್ಟು, ದಪ್ಪ ದಿಂಬು ತೆಗೆದುಕೊಂಡು, ತೇವಾಂಶವನ್ನು ಕಡಿಮೆ ಇಟ್ಟುಕೊಳ್ಳಬೇಕಾಗುತ್ತದೆ. ನೆಲದ ದೂಳು ಎಳೆಯುವುದರಿಂದ ಇವರು ಫಿಲ್ಟರನ್ನೂ ಬೇಗ ಬೇಗ ನೋಡಬೇಕು.

ಯಾವ ನೀರು ಎಂಬುದೇ ದೊಡ್ಡ ಗೊಂದಲ. ಹಾಕಬೇಕಾದದ್ದು ಡಿಸ್ಟಿಲ್ಡ್ ನೀರು, ಅಂದರೆ ಆವಿಯಾಗಿಸಿ ಮತ್ತೆ ತಣಿಸಿ ಪಡೆದ, ಲವಣವಿಲ್ಲದ ನೀರು. ನೀರು ಆವಿಯಾಗಿ ಹೋಗುವುದರಿಂದ ಅದರಲ್ಲಿನ ಲವಣ ಶ್ವಾಸಕೋಶ ಸೇರುವುದಿಲ್ಲ ನಿಜ, ಆದರೆ ಡಬ್ಬಿಯ ತಳದ ಲೋಹದ ತಟ್ಟೆಯ ಮೇಲೆ, ಗೀಸರ್ ಕಾಯಿಲ್‌ಗೆ ಹತ್ತುವಂತೆ, ಬಿಳಿ ಪೊರೆಯಾಗಿ ಕೂರುತ್ತದೆ. ಶಾಖ ನೀರಿಗೆ ಸರಿಯಾಗಿ ತಲುಪುವುದಿಲ್ಲ. ಆ ಒರಟು ಪೊರೆಯ ಸಂದಿಯಲ್ಲಿ ಸೂಕ್ಷ್ಮಜೀವಿಗಳೂ ಸೇರಿಕೊಳ್ಳುತ್ತವೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಗಡಸು ಬೋರ್‌ವೆಲ್ ನೀರಾದರೆ ಕೆಲವೇ ದಿನ ಸಾಕು. ಆರ್‌ಒ ನೀರಿನಲ್ಲೂ ಒಂದಷ್ಟು ಲವಣ ಉಳಿದಿರುತ್ತದೆ. ಕುದಿಸಿದರೆ ಜೀವಿಗಳು ಸಾಯುತ್ತವೆ, ಲವಣ ಹೋಗುವುದಿಲ್ಲ. ಪ್ರಯಾಣದಲ್ಲಿ ಒಂದೆರಡು ರಾತ್ರಿಗೆ ಕುದಿಸಿ ಆರಿಸಿದ ನೀರು ಅಥವಾ ಬಾಟಲಿ ನೀರು ನಡೆಯುತ್ತದೆ. ಇನ್ವರ್ಟರ್‌ಗೆ ಹಾಕುವ ಬ್ಯಾಟರಿ ನೀರು ಬೇಡ: ಲವಣ ತೆಗೆದಿರುತ್ತಾರೆ ಸರಿ, ಜೀವಾಣುಗಳ ಬಗ್ಗೆಯಾಗಲೀ ಕ್ಯಾನಿನ ಸ್ವಚ್ಛತೆಯ ಬಗ್ಗೆಯಾಗಲೀ ಯಾರೂ ತಲೆಕೆಡಿಸಿಕೊಂಡಿರುವುದಿಲ್ಲ. ಅದೇ ಅಂಗಡಿಯಲ್ಲಿ ಅಂಥದ್ದೇ ಕ್ಯಾನಿನಲ್ಲಿ ಆ್ಯಸಿಡ್ ಕೂಡ ಇರುತ್ತದೆ. ಎ.ಸಿ.ಯಿಂದ ತೊಟ್ಟಿಕ್ಕುವ ನೀರನ್ನು ಹಿಡಿದಿಟ್ಟು ಬಳಸುವ ಜಾಣರೂ ಇದ್ದಾರೆ. ಆ ನೀರು ಕಾಯಿಲ್ ಮೇಲಿನ ದೂಳು, ಬೂಷ್ಟನ್ನೆಲ್ಲ ತೊಳೆದುಕೊಂಡು ಬಂದಿರುತ್ತದೆ.

ಔಷಧಿ ಅಂಗಡಿಯ 5 ಲೀಟರ್ ಕ್ಯಾನ್, ರಾತ್ರಿಗೆ 250 ಮಿ.ಲೀ.ಯಂತೆ 20 ರಾತ್ರಿ ಬರುತ್ತದೆ. ಗರಿಷ್ಠ ಗೆರೆ ದಾಟಿ ತುಂಬಬಾರದು, ನೀರಿರುವ ಯಂತ್ರವನ್ನು ಎತ್ತಿ ಓರೆ ಮಾಡಲೂಬಾರದು. ಮೋಟಾರಿಗೆ ನೀರು ಹೋದರೆ ಯಂತ್ರವೇ ಕೆಟ್ಟಂತೆ. ಉಳಿದ ನೀರಿಗೆ ಮರುದಿನ ಹೊಸ ನೀರು ಸೇರಿಸುವುದು ಅತಿ ಸಾಮಾನ್ಯ ತಪ್ಪು. ಬೆಳಿಗ್ಗೆ ಬಿಸಿ ತಟ್ಟೆ ತಣ್ಣಗಾಗಲು ಹತ್ತು ನಿಮಿಷ ಬಿಟ್ಟು, ನೀರು ಚೆಲ್ಲಿ, ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಹಾಕಿ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ. ವಾರಕ್ಕೊಮ್ಮೆ ಒಂದು ಪಾಲು ವಿನೆಗರ್‌ಗೆ ಹತ್ತು ಪಾಲು ನೀರು ಬೆರೆಸಿ ಅರ್ಧ ಗಂಟೆ ಇಟ್ಟರೆ ಪೊರೆ ಬಿಡುತ್ತದೆ. ಡೆಟಾಲ್, ಬ್ಲೀಚಿಂಗ್ ಬೇಡ. ಆನ್‌ಲೈನ್‌ನಲ್ಲಿ ಮಾರುವ ಓಝೋನ್ ಕ್ಲೀನರ್‌ಗಳ ಬಗ್ಗೆ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲೇ ಎಚ್ಚರಿಸಿದೆ.

ನೆಗಡಿಯಾದಾಗ ಹಬೆ ತೆಗೆದುಕೊಳ್ಳುವ ಅಭ್ಯಾಸದಿಂದ ಡಬ್ಬಿಗೆ ನೀಲಗಿರಿ ಎಣ್ಣೆ, ಕರ್ಪೂರ, ವಿಕ್ಸ್ ಹಾಕುವುದುಂಟು. ದಯವಿಟ್ಟು ಬೇಡ. ಆವಿ ರಾತ್ರಿಯಿಡೀ ಒತ್ತಡದಲ್ಲಿ ಶ್ವಾಸಕೋಶಕ್ಕೆ ನುಗ್ಗುತ್ತದೆ, ಪ್ಲಾಸ್ಟಿಕ್ಕೂ ಸಿಲಿಕೋನ್ ಸೀಲೂ ಹಾಳಾಗುತ್ತವೆ.

ಕರೆಂಟ್ ಹೋಗಿ ಸಣ್ಣ ಬ್ಯಾಟರಿಯಲ್ಲಿ ನಡೆಸುವಾಗ ಹೀಟರನ್ನೂ ಬಿಸಿ ಪೈಪನ್ನೂ ಆಫ್ ಮಾಡಿ. ವಿದ್ಯುತ್ತಿನ ಹೆಚ್ಚಿನ ಪಾಲು ನುಂಗುವುದು ಅವೇ. ನೀರು ಡಬ್ಬಿಯಲ್ಲೇ ಇರಲಿ, ಅದರ ಮೇಲೆ ಹಾದುಹೋಗುವ ಗಾಳಿ ಒಂದಿಷ್ಟು ತೇವ ಹೊತ್ತೊಯ್ಯುತ್ತದೆ.

ಯಂತ್ರವನ್ನು ಬಾಡಿಗೆಗೆ ಕೊಡುವವರು ಮಾಸ್ಕ್ ಹೊಸದು ಕೊಡುತ್ತಾರೆ, ಡಬ್ಬಿ ಮಾತ್ರ ಹಳೆಯದೇ. ಪಡೆಯುವವರು ಮುಚ್ಚಳ ತೆಗೆದು ತಳ ನೋಡಲಿ. ತಟ್ಟೆ ಗುಳಿಬಿದ್ದಿದ್ದರೆ, ಪ್ಲಾಸ್ಟಿಕ್ ಮಬ್ಬಾಗಿದ್ದರೆ, ಸೀಲ್ ಸಡಿಲವಾಗಿ ಗಾಳಿ ಸಿಳ್ಳೆ ಹಾಕುತ್ತಿದ್ದರೆ ಬೇರೆ ಡಬ್ಬಿ ಕೇಳಿ ಪಡೆಯಲಿ.

– ಒಬ್ಬ ಉಸಿರಾಟ ಚಿಕಿತ್ಸಾ ತಂತ್ರಜ್ಞ, ದಾವಣಗೆರೆ