ಗೋದಿಯ ಸುಂಕು: ಹಾವೇರಿಯ ತಮ್ಮನಿಗೊಂದು ಪತ್ರ

ಮಾಳಮಡ್ಡಿ, ಧಾರವಾಡ

ಪ್ರೀತಿಯ ತಮ್ಮಾ,

ನೀನು ಕಳಿಸಿದ ಬರಹ ಸಿಕ್ಕಿತು. ಎರಡು ಸಲ ಓದಿದೆ. ಬೆಳಿಗ್ಗೆ ಚಹಾ ಕುಡಿಯುತ್ತಾ ಒಂದು ಸಲ, ರಾತ್ರಿ ಪೆನ್ನು ಹಿಡಿದುಕೊಂಡು ಇನ್ನೊಂದು ಸಲ. ಭಾಷೆ ಚೆನ್ನಾಗಿದೆ. ಎಲ್ಲೂ ಎಳೆದಾಡಿಲ್ಲ. ನಾನು ಸಿನಿಮಾ ಬಗ್ಗೆ ಬರೆಯೋಕೆ ಶುರು ಮಾಡಿ ನಲವತ್ತು ವರ್ಷ ಆಯಿತು. ನಿನ್ನ ವಯಸ್ಸಿನಲ್ಲಿ ನನಗೆ ಇಷ್ಟು ಸಲೀಸಾಗಿ ಬರೆಯಲು ಬರುತ್ತಿರಲಿಲ್ಲ. ನಿನ್ನನ್ನು ಉಬ್ಬಿಸೋಕೆ ಈ ಮಾತು ಹೇಳುತ್ತಿಲ್ಲ.

ಆದರೆ ಒಂದು ಸಾಲು ಮನಸ್ಸಿಗೆ ಚುಚ್ಚಿತು. 'ರೆಬೆಲ್ ಮೂನ್' ಅನ್ನೋ ಬಾಹ್ಯಾಕಾಶದ ಇಂಗ್ಲಿಷ್ ಚಿತ್ರ ಎಲ್ಲೆಲ್ಲಿಂದ ಏನೇನು ಎತ್ತಿಕೊಂಡಿದೆ ಅಂತ ಪಟ್ಟಿ ಕೊಟ್ಟು, ಕೊನೆಗೆ ಹೀಗೆ ಬರೆದಿದ್ದೀಯ: 'ಇಂಥ ಕಾಪಿಯನ್ನೂ ನಮ್ಮ ಜನ ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ಅವರಿಗೆ ರುಚಿ ಅನ್ನೋದೇ ಇಲ್ಲ.' ಯಾವ ಜನ, ತಮ್ಮಾ? ಇಡೀ ಬರಹದಲ್ಲಿ ಒಂಬತ್ತು ಸಿನಿಮಾ ಹೆಸರಿವೆ. 'ಕಾಪಿ' ಅನ್ನೋ ಪದ 14 ಸಲ ಬಂದಿದೆ. ಕೂತು ನೋಡುವ ಮನುಷ್ಯರು ಒಬ್ಬರೂ ಇಲ್ಲ. ನೀನು ನೋಡದೇ ಇದ್ದ ಜನರ ರುಚಿ ಬಗ್ಗೆ ತೀರ್ಪು ಕೊಟ್ಟೆ. ಅದೇ ನನಗೆ ಬೇಜಾರಾಗಿದ್ದು.

ಕಾಪಿಯ ವಿಷಯ ಮೊದಲು ಮುಗಿಸಿಬಿಡೋಣ. ಅದನ್ನು ನೀನು ಪತ್ತೆ ಹಚ್ಚಬೇಕಾಗಿರಲಿಲ್ಲ. ನಿರ್ದೇಶಕ ಝ್ಯಾಕ್ ಸ್ನೈಡರ್ ತಾನೇ ಹೇಳಿಕೊಂಡಿದ್ದಾನೆ. ಇದು 'ಸ್ಟಾರ್ ವಾರ್ಸ್' ಲೋಕದ ಕಥೆಯಾಗಿ ಹುಟ್ಟಿತು. ಅಲ್ಲಿ ಆಗಲಿಲ್ಲ, ಬೇರೆ ಲೋಕ ಕಟ್ಟಿ ನೆಟ್‌ಫ್ಲಿಕ್ಸ್‌ಗೆ ಮಾಡಿದ. ಮೊದಲ ಭಾಗ 2023ರ ಡಿಸೆಂಬರ್‌ನಲ್ಲಿ ಬಂತು, ಎರಡನೆಯದು 2024ರ ಏಪ್ರಿಲ್‌ನಲ್ಲಿ. ಕಥೆಯ ಬೆನ್ನೆಲುಬು ಜಪಾನಿನ ನಿರ್ದೇಶಕ ಕುರೊಸಾವಾ 1954ರಲ್ಲಿ ಮಾಡಿದ 'ಸೆವೆನ್ ಸಮುರಾಯ್' ಚಿತ್ರದ್ದು. ಸುಲಿಯೋಕೆ ಬರುವವರಿಂದ ಊರು ಉಳಿಸಿಕೊಳ್ಳಲು ರೈತರು ಯೋಧರನ್ನು ಹುಡುಕಿ ತರುತ್ತಾರೆ. ನಮ್ಮ ರಾಮನಗರದ ಬಂಡೆಗಳ ನಡುವೆ ತೆಗೆದ 1975ರ 'ಶೋಲೆ' ಮೇಲೂ ಅದರ ನೆರಳಿದೆ. ಅದೇ ಕಥೆಯನ್ನು ಆಕಾಶಕ್ಕೆ ಒಯ್ಯುವ ಕೆಲಸವನ್ನೂ 1980ರಲ್ಲೇ ಇನ್ನೊಬ್ಬರು ಮಾಡಿ ಮುಗಿಸಿದ್ದರು. 'ಸ್ಟಾರ್ ವಾರ್ಸ್' ಏನು ಬಾನಿಂದ ಉದುರಿದ್ದಾ? ಅದಕ್ಕೆ ಕುರೊಸಾವಾನ ಇನ್ನೊಂದು ಚಿತ್ರದ ಋಣ ಇದೆ ಅಂತ ಅದನ್ನು ಮಾಡಿದ ಲ್ಯೂಕಾಸ್ ಒಪ್ಪಿಕೊಂಡಿದ್ದಾನೆ.

ಹಾಗಾಗಿ 'ಇದು ಅಲ್ಲಿಂದ ಬಂತು' ಅಂತ ಹೇಳಿದರೆ ನಿನ್ನ ಕೆಲಸ ಶುರುವಾಯಿತು ಅಷ್ಟೇ. ನೀನು ಅಲ್ಲಿಗೇ ನಿಲ್ಲಿಸಿಬಿಟ್ಟೆ.

ಈಗ ನಾನು ಕಂಡದ್ದು ಹೇಳುತ್ತೇನೆ. ಕಳೆದ ಬೇಸಿಗೆಯಲ್ಲಿ ಅಣ್ಣಿಗೇರಿಯ ಅಕ್ಕನ ಮನೆಯಲ್ಲಿ ಈ ಚಿತ್ರದ ಎರಡೂ ಭಾಗ ನೋಡಿದೆ. ಎರಡು ರಾತ್ರಿ. ಪಡಸಾಲೆಯಲ್ಲಿ ಟಿವಿ, ನೋಡಲು ಒಂಬತ್ತು ಜನ. ಹಿಂದಿ ಡಬ್ಬಿಂಗ್ ಹಾಕಿದ್ದರು. ಅಕ್ಕನಿಗೂ ಪಕ್ಕದ ಮನೆಯ ಅಜ್ಜಿಗೂ ಹಿಂದಿ ಅಷ್ಟಕ್ಕಷ್ಟೇ. ಅದಕ್ಕೆ ಅಕ್ಕನ ಮೊಮ್ಮಗ, ಒಂಬತ್ತನೇ ತರಗತಿ ಹುಡುಗ, ಟಿವಿ ಪಕ್ಕ ಕೂತು ಒಂದೊಂದೇ ಮಾತನ್ನು ನಮ್ಮ ಕಡೆಯ ಕನ್ನಡದಲ್ಲಿ ಹೇಳುತ್ತಾ ಹೋದ. ದೊಡ್ಡಾಟದ ಭಾಗವತನ ಹಾಗೆ. ಅವನ ಬಾಯಲ್ಲಿ ಬಾಹ್ಯಾಕಾಶದ ಸೇನಾಧಿಪತಿ ಸಾಹೇಬನಾದ, ಊರಿನ ಹಿರಿಯ ಗೌಡ ಆದ.

ಆ ಸಾಹೇಬ ಹಡಗಿನಿಂದ ಇಳಿದು ಬೆಳೆ ಕೇಳುವ ದೃಶ್ಯ ಬಂತು. ನಮ್ಮಲ್ಲಿ ಹೆಚ್ಚಿನ ಕಾಳಿಲ್ಲ ಅನ್ನುತ್ತಾನೆ ಹಿರಿಯ. ಎಲ್ಲರ ಕಣ್ಣೆದುರೇ ಅವನನ್ನು ಹೊಡೆದು ಕೊಲ್ಲುತ್ತಾರೆ. 'ಸುಗ್ಗಿ ಆದ ಮ್ಯಾಲ ಮತ್ತ ಬರ್ತೀವಿ, ಕಾಳು ತಯಾರ್ ಇಡ್ರಿ ಅಂತಾನ್ರೀ ಅಂವ' ಅಂದ ಹುಡುಗ. ಪಡಸಾಲೆ ಗಪ್ಪಾಯಿತು. ಭಾವನವರ ಕೈಯಲ್ಲಿ ಗಿರಮಿಟ್ ತಟ್ಟೆ ಇತ್ತು. ತಿನ್ನೋದು ನಿಲ್ಲಿಸಿದ್ದರು. ಸ್ವಲ್ಪ ಹೊತ್ತಾದ ಮೇಲೆ, ಯಾರ ಕಡೆಯೂ ನೋಡದೆ, 'ನಮ್ಮಪ್ಪನ ಕಡೆ ಲೆವಿ ಕೇಳಾಕ ಬಂದಾಗ ನಾನೂ ಹಿಂಗ ಬಾಗಲಾಗ ನಿಂತಿದ್ದೆ' ಅಂದರು.

ನೀನು ಹುಟ್ಟುವ ಎಷ್ಟೋ ವರ್ಷ ಮೊದಲಿನ ಮಾತು ಅದು. ಮಲಪ್ರಭಾ ನೀರಾವರಿಯ ಬೆಟರ್‌ಮೆಂಟ್ ಲೆವಿ, ಅಂದರೆ ನೀರಾವರಿಯಿಂದ ಜಮೀನು ಸುಧಾರಿಸಿತು ಅಂತ ಹಾಕಿದ ಕರ, ಕಟ್ಟೋದಿಲ್ಲ ಅಂತ ನರಗುಂದ, ನವಲಗುಂದದ ರೈತರು ಎದ್ದರು. 1980ರ ಜುಲೈ 21ರಂದು ಗೋಲಿಬಾರ್ ಆಯಿತು, ರೈತರು ಸತ್ತರು. ಇವತ್ತಿಗೂ ಆ ದಿನ ಅಲ್ಲಿ ಜನ ಸೇರಿ ಅವರನ್ನು ನೆನೆಯುತ್ತಾರೆ. ಭಾವ ಆಗ ಹೈಸ್ಕೂಲ್ ಹುಡುಗ. ಅವರು ನನ್ನೆದುರು ಆ ದಿನಗಳ ಬಗ್ಗೆ ಮಾತಾಡಿದ್ದು ಅದೇ ಮೊದಲು. ಮಾತಾಡಿಸಿದ್ದು ಯಾವುದು? ನೀನು 14 ಸಲ ಕಾಪಿ ಅಂದ ಚಿತ್ರ.

ಇಷ್ಟು ಹೇಳಿದೆ ಅಂತ ಚಿತ್ರ ಒಳ್ಳೆಯದು ಅಂದುಕೊಳ್ಳಬೇಡ. ಅಲ್ಲಿಂದ ಮುಂದೆ ಅದು ನಮ್ಮೆಲ್ಲರ ಕೈಬಿಟ್ಟಿತು. ಒಬ್ಬೊಬ್ಬ ಯೋಧನನ್ನು ಹುಡುಕಿಕೊಂಡು ಹೋಗುವ ಭಾಗ ಇದೆಯಲ್ಲ, ಅಲ್ಲಿ. ಹೋಗುತ್ತಾರೆ, ಅವನು ಒಂದು ಸಾಹಸ ತೋರಿಸುತ್ತಾನೆ, ಬರ್ತೀನಿ ಅನ್ನುತ್ತಾನೆ, ಮುಂದಿನವನ ಹತ್ತಿರ ಹೋಗುತ್ತಾರೆ. ಮೊದಲು ಸೊಸೆಯಂದಿರು ಫೋನ್ ತೆಗೆದರು. ಆಮೇಲೆ ಯಾರೋ ರಿಮೋಟ್ ಒತ್ತಿ ಕೆಳಗಿನ ಕೆಂಪು ಗೆರೆ ನೋಡಿ 'ಇನ್ನೂ ಎಷ್ಟ ಐತಿ?' ಅಂದರು. ಅರ್ಧ ತಾಸಿನಲ್ಲಿ ಮೂರು ಸಲ ಆ ಗೆರೆ ನೋಡಿದರು. ಒಬ್ಬರು ಎದ್ದು ಚಹಾಕ್ಕೆ ಇಟ್ಟರು. ನಿಲ್ಲಿಸಲಾ ಅಂತ ಹುಡುಗ ಕೇಳಿದರೆ, 'ನಡೀಲಿ ಬಿಡು' ಅಂದರು. ಪಕ್ಕದ ಮನೆಯ ಅಜ್ಜಿ 'ಏನಾತಂತ ನಾಳೆ ಹೇಳ್ರಿ' ಅಂತ ಸೆರಗು ಹೊದ್ದುಕೊಂಡು ಹೊರಟೇಬಿಟ್ಟರು. ಟಾಕೀಸಿನಲ್ಲಿ ದುಡ್ಡು ಕೊಟ್ಟವರು ಬೇಜಾರಾದರೂ ಕೂತಿರುತ್ತಾರೆ. ಮನೆಯಲ್ಲಿ ಆ ಮುಲಾಜಿಲ್ಲ. ಅದಕ್ಕೇ ಮನೆಯಲ್ಲಿ ಸಿನಿಮಾ ನೋಡುವವರನ್ನು ನೋಡು. ಅವರು 'ಚಲೋ ಐತಿ' ಅನ್ನೋದನ್ನ ಆಮೇಲೆ ಕೇಳಿಸಿಕೊಂಡರಾಯಿತು. 'ನಡೀಲಿ ಬಿಡು' ಅಂದದ್ದು ಯಾವ ಜಾಗದಲ್ಲಿ, ಅದನ್ನು ಬರೆದಿಟ್ಟುಕೋ.

ಎರಡನೇ ರಾತ್ರಿಯದು ನಾನು ಮರೆಯೋಕಾಗಲ್ಲ. ಎರಡನೇ ಭಾಗದಲ್ಲಿ ಸುಗ್ಗಿ ಬರುತ್ತದೆ. ಶತ್ರು ಬರುವಷ್ಟರಲ್ಲಿ ಬೆಳೆ ಕೊಯ್ದು ಕಾಳು ಮನೆಗೆ ತಂದರೆ, ಕಾಳು ಹಾಳಾದೀತು ಅಂತ ಹೆದರಿ ಊರಿನ ಮೇಲೆ ಬಾಂಬ್ ಹಾಕಲಾರರು ಅನ್ನೋದು ಅವರ ಲೆಕ್ಕ. ಕೈ ಬೀಸುವುದು, ತೆನೆ ಬಾಗುವುದು, ಹಣೆಯ ಬೆವರು, ಹೊಂಬಿಸಿಲು, ಎಲ್ಲವನ್ನೂ ನಿಧಾನಗತಿಯಲ್ಲಿ ಬಹಳ ಹೊತ್ತು ತೋರಿಸುತ್ತಾರೆ. ಹೊರದೇಶದ ವಿಮರ್ಶಕರು ಈ ದೃಶ್ಯವನ್ನು ಹಿಡಿದು ಆಡಿಕೊಂಡಿದ್ದರು. ನೀನೂ ಎರಡು ಸಾಲಿನಲ್ಲಿ ಆಡಿಕೊಂಡಿದ್ದೀಯ.

ಅಣ್ಣಿಗೇರಿಯಲ್ಲಿ ಯಾರೂ ನಗಲಿಲ್ಲ. ಫೋನ್ ಕೆಳಗಿಟ್ಟು ಎಲ್ಲರೂ ಮುಂದಕ್ಕೆ ಸರಿದು ಕೂತರು. ಅದು ಅವರಿಗೆ ಗೊತ್ತಿರುವ ಕೆಲಸ ಅಲ್ವಾ! ಭಾವ ಮೊದಲು ಕೇಳಿದರು: 'ಮುಗಲಿಗೆ ಹಾರೋ ಹಡಗ ಐತಿ ಇವ್ರ ಲೋಕದಾಗ, ಒಂದು ರಾಶಿ ಮಷಿನ್ ಇಲ್ಲೇನ?' ಅಳಿಯ ಅಂದ: 'ಇಷ್ಟು ಬಿಸಲಾಗ ಕೊಯ್ದ್ರ ಅರ್ಧ ಕಾಳು ಹೊಲದಾಗ ಉದುರ್ತೈತಿ.' ಕೈಯಲ್ಲಿ ಗೋದಿ ಕೊಯ್ಯುವವರು ನಸುಕಿನಲ್ಲಿ ಹೊಲಕ್ಕೆ ಹೋಗುತ್ತಾರೆ, ಇಬ್ಬನಿಗೆ ತೆನೆ ಮೆತ್ತಗಿರುವಾಗ. ಬಿಸಿಲೇರಿದರೆ ಒಣಗಿದ ತೆನೆ ಮುಟ್ಟಿದರೆ ಸಾಕು, ಕಾಳು ಸಿಡಿಯುತ್ತದೆ. ಅಕ್ಕ ಮಾತ್ರ ಏನೂ ಅನ್ನದೆ ನೋಡುತ್ತಿದ್ದಳು. ಕೊನೆಗೆ ಬಲಗೈ ತನ್ನಷ್ಟಕ್ಕೆ ಹಿಂದಕ್ಕೆ ಹೋಯಿತು, ಕುತ್ತಿಗೆಯ ಮೇಲೆ, ಕುಪ್ಪಸದ ಅಂಚಿನ ಹತ್ತಿರ. 'ಸುಂಕು ಹತ್ತೂದಿಲ್ಲೇನ ಇವ್ರಿಗೆ?' ಅಂದಳು. 'ಒಬ್ಬರೂ ತುರಿಸ್ಕೊಳ್ಳವಲ್ಲರು.'

ಅವಳು ಮದುವೆಯಾಗಿ ಬಂದ ವರ್ಷ ಗೋದಿ ಕೊಯ್ಯಲು ಹೋಗಿದ್ದಳು. ಸುಂಕು, ಅಂದರೆ ಗೋದಿ ತೆನೆಯ ಮುಳ್ಳಿನ ಪುಡಿ, ಬೆವರಿಗೆ ಅಂಟಿ, ರಾತ್ರಿ ಸ್ನಾನ ಮಾಡಿದರೂ ಹೋಗದೆ, ನಿದ್ದೆ ಬಾರದ ದಿನಗಳು. ನಲವತ್ತು ವರ್ಷ ಆದಮೇಲೂ ಆ ತುರಿಕೆ ಅವಳ ಕೈಗೆ ನೆನಪಿತ್ತು.

ತಮ್ಮಾ, ಆ ಚಿತ್ರದ ಬಗ್ಗೆ ನಾನು ಕೇಳಿದ ಅತ್ಯಂತ ಒಳ್ಳೆಯ ವಿಮರ್ಶೆ ಅದು. ಚಿತ್ರ ತೆಗೆದವರು ಗೋದಿಯನ್ನು ಬೇರೆ ಚಿತ್ರಗಳಲ್ಲಿ ನೋಡಿದ್ದರು, ಹೊಲದಲ್ಲಿ ನಿಂತು ನೋಡಿರಲಿಲ್ಲ. ಬಣ್ಣ ಬಂತು, ಬಿಸಿಲು ಬಂತು. ಸುಂಕು ಬರಲಿಲ್ಲ. ಎರವಲು ತಂದ ಕಥೆಯಲ್ಲಿ ಯಾವಾಗಲೂ ಮೊದಲು ಕಳೆದುಹೋಗುವುದು ಇಂಥದ್ದೇ. ಕತ್ತಿ, ಹಡಗು, ಯೋಧರು ಸುಲಭವಾಗಿ ಜೊತೆಗೆ ಬರುತ್ತಾರೆ.

ಜಪಾನಿನ ಆ ಮೂಲ ಚಿತ್ರವನ್ನೇ ನೋಡು. ಅದರ ಜೀವ ಒಂದು ಬಟ್ಟಲು ಅನ್ನದಲ್ಲಿದೆ. ರೈತರ ಹತ್ತಿರ ಯೋಧರಿಗೆ ಕೊಡಲು ದುಡ್ಡಿಲ್ಲ. ಬೆಳ್ಳಗಿನ ಅನ್ನ ಕೊಡುತ್ತಾರೆ. ತಾವು ಮಾತ್ರ ಒರಟು ಕಾಳು ತಿಂದುಕೊಂಡಿರುತ್ತಾರೆ. ಆ ಸಂಗತಿಯನ್ನು ಒಬ್ಬ ಕೂಲಿಯವನು ಹಿರಿಯ ಯೋಧನ ಮುಖಕ್ಕೆ ಹಿಡಿದಂತೆ ಹೇಳುತ್ತಾನೆ. ಯೋಧ ಬಟ್ಟಲು ಕೈಗೆ ತೆಗೆದುಕೊಳ್ಳುತ್ತಾನೆ, ಈ ಅನ್ನ ವ್ಯರ್ಥ ಮಾಡುವುದಿಲ್ಲ ಅನ್ನುತ್ತಾನೆ. ಅಷ್ಟೇ ದೃಶ್ಯ. ನಮ್ಮ ಕಡೆ ಬೀಗರು ಬಂದರೆ ಚಪಾತಿ, ಅನ್ನ ಮಾಡಿ, ಮನೆಯವರು ಒಳಗೆ ಕೂತು ಕಟಕ ರೊಟ್ಟಿ ತಿನ್ನುತ್ತಿದ್ದ ಕಾಲ ನನಗೆ ಗೊತ್ತು. ಹಾಗಾಗಿ ಆ ಬಟ್ಟಲು ಕಂಡಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. ಆಮೇಲೆ ಆ ಯೋಧರು ಯಾಕೆ ಸಾಯಲೂ ಸಿದ್ಧರಾದರು ಅಂತ ಯಾರೂ ವಿವರಿಸಬೇಕಾಗಿಲ್ಲ. ಸ್ನೈಡರ್ ಯೋಧರನ್ನು ತಂದ, ಬಟ್ಟಲನ್ನು ಅಲ್ಲೇ ಬಿಟ್ಟು ಬಂದ. ಅಕ್ಕನ ಮನೆಯಲ್ಲಿ ಕೆಂಪು ಗೆರೆ ನೋಡಿದ್ದು ಅದಕ್ಕೇ ಅಂತ ನನ್ನ ನಂಬಿಕೆ.

ಎರವಲಿನ ಮೇಲೆಯೇ ಸಿಟ್ಟು ಮಾಡಿಕೊಂಡರೆ ನಮ್ಮ ಮನೆಯಲ್ಲೇ ಬಹಳ ಪುಸ್ತಕ ಸುಡಬೇಕಾಗುತ್ತದೆ. ಪಂಪನ ಊರು ಅಂತ ಹೇಳುವ ಅಣ್ಣಿಗೇರಿಯಲ್ಲಿ ಬಸ್ಸು ಹತ್ತಿದರೆ ಒಂದು ತಾಸಿನೊಳಗೆ ಗದಗಿನ ವೀರನಾರಾಯಣ ಗುಡಿಗೆ ಹೋಗಬಹುದು, ಕುಮಾರವ್ಯಾಸನ ಗುಡಿಗೆ. ಒಂದೇ ರಸ್ತೆಯಲ್ಲಿ ಎರಡು ಭಾರತ! ರಾಮಾಯಣ ಬರೆದವರ ಭಾರಕ್ಕೆ ಆದಿಶೇಷನೇ ತಿಣುಕಿದ, ಅಲ್ಲಿ ಕಾಲಿಡಲೂ ಜಾಗವಿಲ್ಲ ಅಂದವನು ಕುಮಾರವ್ಯಾಸ. ಹಾಗಂದು ಅವನು ಹಿಡಿದದ್ದು ಪಂಪ ಆಗಲೇ ಹೇಳಿ ಹೋಗಿದ್ದ ಕಥೆಯನ್ನು. ಪಂಪನಿಗೆ ಅರ್ಜುನ ಬೇಕಿತ್ತು, ತನ್ನ ರಾಜನನ್ನು ಅವನಲ್ಲಿ ಕಂಡ. ಕುಮಾರವ್ಯಾಸನಿಗೆ ಕೃಷ್ಣ ಬೇಕಿತ್ತು. ಇಬ್ಬರಿಗೂ ತಮಗೆ ಏನು ಬೇಕು ಅನ್ನೋದು ಗೊತ್ತಿತ್ತು. ಈ ಚಿತ್ರ ಮಾಡಿದವರಿಗೆ ಏನು ಬೇಕಿತ್ತು ಅಂತ ನಿನ್ನ ಬರಹದಲ್ಲಿ ಕೇಳು. ನನಗೆ ಉತ್ತರ ಸಿಗಲಿಲ್ಲ. ನಿನಗೆ ಸಿಕ್ಕರೂ ಸಿಗಬಹುದು.

ನಾನೂ ಈ ತಪ್ಪು ಮಾಡಿದವಳೇ. ಬರೆಯಲು ಶುರು ಮಾಡಿದ ಹೊಸತರಲ್ಲಿ ಒಂದು ಕನ್ನಡ ಚಿತ್ರವನ್ನು 'ರಿಮೇಕ್' ಅಂತ ನಾಲ್ಕು ಸಾಲಿನಲ್ಲಿ ಮುಗಿಸಿದ್ದೆ. ವಾರದೊಳಗೆ ರಾಣೇಬೆನ್ನೂರಿನಿಂದ ಒಂದು ಇನ್‌ಲ್ಯಾಂಡ್ ಪತ್ರ ಬಂತು. ಬರೆದ ಹೆಣ್ಣುಮಗಳು ಬೈದಿರಲಿಲ್ಲ. 'ಮೂಲ ಚಿತ್ರ ನೀವು ನೋಡಿದ್ದೀರಿ, ನಾನು ನೋಡಿಲ್ಲ. ನನಗೆ ಇದೇ ಮೊದಲು. ನಾನು ಅತ್ತದ್ದು ಸುಳ್ಳೇ?' ಅಂತ ಕೇಳಿದ್ದರು. ಉತ್ತರ ಬರೆಯಲು ಕೂತೆ, ಬರೆಯಲಾಗಲಿಲ್ಲ. ಆ ಪತ್ರ ಇನ್ನೂ ನನ್ನ ಹತ್ತಿರ ಇದೆ. ಅವರಿಗೆ ಉತ್ತರ ಕೊಡಲಿಲ್ಲ ಅನ್ನುವ ನೋವೂ ಇದೆ.

ನಮ್ಮ ಭಾಗವತ ಹುಡುಗನ ಕಥೆಯೂ ಅದೇ. ಎರಡು ಉರಿಯುವ ಕತ್ತಿ ಹಿಡಿದ ಹೆಂಗಸು ಜೇಡದಂಥ ಜೀವಿಯ ಜೊತೆ ಹೊಡೆದಾಡುವ ದೃಶ್ಯವನ್ನು ಅವನು ಮೂರು ಸಲ ಹಿಂದಕ್ಕೆ ಹಾಕಿ ನೋಡಿದ. ಆ ಕತ್ತಿ 'ಸ್ಟಾರ್ ವಾರ್ಸ್'ನದು ಅಂತ ನನಗೆ ಗೊತ್ತು, ನಿನಗೆ ಗೊತ್ತು. ಅವನಿಗೆ ಗೊತ್ತಿಲ್ಲ. ಅವನ ಮುಖದಲ್ಲಿದ್ದ ಬೆಳಕು ಎರವಲಿನದಾಗಿರಲಿಲ್ಲ. ಮರುದಿನ ಅವನೇ ಬಂದು 'ಆಯಿ, ಇದರ ಮೂಲ ಯಾವುದು?' ಅಂತ ಕೇಳಿದ. ನನ್ನ ಹತ್ತಿರ ಇದ್ದ ಹಳೆಯ ಕಪ್ಪು-ಬಿಳುಪು 'ಸೆವೆನ್ ಸಮುರಾಯ್' ಹಾಕಿಕೊಟ್ಟೆ. ಮೂರು ಗಂಟೆಗೂ ಜಾಸ್ತಿ ಉದ್ದದ್ದು. ಅರ್ಧಕ್ಕೆ ನಿದ್ದೆ ಹೋದ. ಉಳಿದದ್ದನ್ನು ಮುಂದಿನ ರಜೆಯಲ್ಲಿ ನೋಡುತ್ತಾನಂತೆ.

ಹೀಗೆ ಒಂದೇ ಪಡಸಾಲೆಯಲ್ಲಿ ಒಂದೇ ಚಿತ್ರಕ್ಕೆ ಎಷ್ಟು ಥರ ನೋಟ ಇತ್ತು ನೋಡು. ಇವರೆಲ್ಲರನ್ನೂ 'ಜನ' ಅಂತ ಒಂದೇ ಚೀಲಕ್ಕೆ ತುಂಬಬೇಡ. ಚಿತ್ರ ಸೊರಗಿದ್ದರೆ ಸೊರಗಿದೆ ಅಂತಲೇ ಬರಿ, ಮೆತ್ತಗೆ ಮಾಡಬೇಡ. ಎಲ್ಲಿ ಸೊರಗಿತು ಅನ್ನೋದನ್ನ ಮಾತ್ರ ನೋಡಿದವರ ಮೈಯಿಂದ ತಿಳಿದುಕೊಂಡು ಬರಿ.

ನಿಮ್ಮ ತಾಯಿ ಸೀಸನ್‌ನಲ್ಲಿ ಬ್ಯಾಡಗಿಗೆ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುತ್ತಾರೆ ಅಂತ ನೀನು ಹೋದ ಸಲ ಹೇಳಿದ್ದೆ. ಈ ಭಾನುವಾರ ಅವರ ಜೊತೆ ಕೂತು ಎರಡನೇ ಭಾಗ ಹಾಕು. ಸುಗ್ಗಿ ದೃಶ್ಯ ಬಂದಾಗ ಟಿವಿ ನೋಡಬೇಡ, ಅವರನ್ನು ನೋಡು. ಏನಾದರೂ ಅಂದರೆ ಅವರ ಮಾತಲ್ಲೇ ಬರೆದುಕೋ, ತಿದ್ದಬೇಡ. ಮಧ್ಯದಲ್ಲಿ ಎದ್ದು ಹೋದರೆ ಯಾವ ದೃಶ್ಯದಲ್ಲಿ ಅಂತ ಗುರುತು ಹಾಕಿಕೋ. ಆ ಕೊನೆಯ ಸಾಲು ಹೊಡೆದುಹಾಕಿ, ಅಲ್ಲಿಂದ ಮತ್ತೆ ಬರೆದು ನನಗೆ ಕಳಿಸು. ಅಕ್ಷರ ಸ್ವಲ್ಪ ದೊಡ್ಡದಿರಲಿ, ನನಗೀಗ ಕಣ್ಣು ಮೊದಲಿನಂತಿಲ್ಲ.

ತಾಯಿಗೆ ನನ್ನ ನಮಸ್ಕಾರ ಹೇಳು.

ನಿನ್ನ
ಅಕ್ಕ